ಎಳ್ಳೆಣ್ಣೆಯೋ, ಕೊಬ್ಬರಿ ಎಣ್ಣೆಯೋ, ಉಪ್ಪುನೀರೋ: ಬಾಯಿ ಮುಕ್ಕಳಿಸಲು ನಿಮಗೆ ಯಾವುದು?

ನಮ್ಮ ಮನೆಯಲ್ಲಿ ಬೆಳಿಗ್ಗೆ ಆರೂವರೆಗೆ ಯಾರೂ ಮಾತಾಡುವುದಿಲ್ಲ. ಅಮ್ಮನ ಬಾಯಲ್ಲಿ ಎಳ್ಳೆಣ್ಣೆ, ನನ್ನ ಬಾಯಲ್ಲಿ ಕೊಬ್ಬರಿ ಎಣ್ಣೆ. ಅಪ್ಪ ಮಾತ್ರ ಉಪ್ಪುನೀರು ಮುಕ್ಕಳಿಸಿ ಒಂದೇ ನಿಮಿಷದಲ್ಲಿ ಕೆಲಸ ಮುಗಿಸುತ್ತಾರೆ. ಆಮೇಲೆ ನಮ್ಮಿಬ್ಬರ ಉಬ್ಬಿದ ಕೆನ್ನೆ ನೋಡಿ ನಗುತ್ತಾ ಪೇಪರ್ ಹಿಡಿದು ಕೂರುತ್ತಾರೆ.

ಯಾರದು ಸರಿ? ಮನೆಗೆ ಬಂದವರೆಲ್ಲ ಇದನ್ನೇ ಕೇಳುತ್ತಾರೆ. ಎಳ್ಳೆಣ್ಣೆ ಒಳ್ಳೇದಾ, ಕೊಬ್ಬರಿ ಎಣ್ಣೆ ಒಳ್ಳೇದಾ? ಇಷ್ಟೆಲ್ಲ ಮಾಡುವ ಬದಲು ಮೆಡಿಕಲ್ ಸ್ಟೋರ್‌ನ ಮೌತ್‌ವಾಶ್ ತಂದರೆ ಆಗಲ್ವಾ? ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಬಾಯಿಗೆ ಏನಾಗಿದೆ? ವಸಡಿನಲ್ಲಿ ರಕ್ತ ಬರುವವರಿಗೆ ಬೇಕಾಗಿರುವುದು ಬೇರೆ, ಮಾತ್ರೆ ನುಂಗಿ ಬಾಯಿ ಒಣಗುವವರಿಗೆ ಬೇಕಾಗಿರುವುದು ಬೇರೆ. ಎಣ್ಣೆ ಯಾವುದು ಅನ್ನುವುದು ಆಮೇಲಿನ ಮಾತು.

ಒಂದು ಷರತ್ತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಹೇಳುವ ಯಾವುದೂ ಬ್ರಷ್‌ಗೆ ಬದಲಿ ಅಲ್ಲ. ಫ್ಲೋರೈಡ್ ಇರುವ ಪೇಸ್ಟ್‌ನಿಂದ ದಿನಕ್ಕೆ ಎರಡು ಸಲ ಹಲ್ಲುಜ್ಜುವುದು ಅಡಿಪಾಯ. ಉಳಿದದ್ದೆಲ್ಲ ಅದರ ಮೇಲೆ. ಎಣ್ಣೆಯಲ್ಲಿ ಫ್ಲೋರೈಡ್ ಇಲ್ಲ. ಹಲ್ಲಿಗೆ ಅಂಟಿದ ಪದರವನ್ನು ಬ್ರಷ್‌ನ ಎಳೆ ಕಿತ್ತ ಹಾಗೆ ಎಣ್ಣೆ ಕೀಳುವುದಿಲ್ಲ. "ಎಣ್ಣೆ ಹಾಕ್ತೀನಲ್ಲ, ಬ್ರಷ್ ಯಾಕೆ" ಅನ್ನುವವರು ಇದ್ದಾರೆ. ಅಂಥವರು ಉಳಿದದ್ದನ್ನು ಓದುವ ಮೊದಲು ಹೋಗಿ ಹಲ್ಲುಜ್ಜಿ ಬರಲಿ.

ಯಾವುದರಿಂದ ಅಳೆಯೋಣ?

ನಾನು ಐದು ವಿಷಯ ನೋಡುತ್ತೇನೆ. ನಿಮ್ಮ ತೊಂದರೆ ಯಾವುದು: ಹುಳುಕಾ, ವಸಡಾ, ವಾಸನೆಯಾ, ಒಣಗುವುದಾ? ಆ ತೊಂದರೆಗೆ ಇದು ಕೆಲಸ ಮಾಡುತ್ತದೆ ಅನ್ನಲು ಆಧಾರ ಎಷ್ಟಿದೆ? ದಿನಕ್ಕೆ ಎಷ್ಟು ಹೊತ್ತು ಕೊಡಬಲ್ಲಿರಿ? ತಿಂಗಳ ಖರ್ಚೆಷ್ಟು? ಅಡ್ಡ ಪರಿಣಾಮ ಏನು?

ಇದಕ್ಕೆ ಬಾಲದ ಹಾಗೆ ಆರನೆಯದೊಂದಿದೆ, ರುಚಿ. ಕೇಳಲು ಹಗುರ ಅನಿಸಬಹುದು. ಆದರೆ ಬೆಳಿಗ್ಗೆ ಎದ್ದ ಕೂಡಲೇ ಬಾಯಿಗೆ ಹಾಕಿದ ಎಣ್ಣೆಗೆ ಹೊಟ್ಟೆ ತೊಳಸಿದರೆ ನಾಲ್ಕನೇ ದಿನ ನೀವು ಅದನ್ನು ಬಿಟ್ಟಿರುತ್ತೀರಿ. ನಾನು ಎಳ್ಳೆಣ್ಣೆಯನ್ನು ಬಿಟ್ಟದ್ದು ಹಾಗೆಯೇ, ಅದೂ ಮೂರನೇ ದಿನಕ್ಕೆ.

ಹಳೆಯ ಪದ್ಧತಿಯಲ್ಲಿ ಇರುವುದೇನು?

ಆಯುರ್ವೇದದಲ್ಲಿ ಇದಕ್ಕೆ ಎರಡು ಹೆಸರಿವೆ, ಎರಡೂ ಒಂದೇ ಅಲ್ಲ. ಬಾಯಿ ತುಂಬ ದ್ರವ ತುಂಬಿಕೊಂಡು ಅಲ್ಲಾಡಿಸದೆ ಹಿಡಿದಿಟ್ಟುಕೊಳ್ಳುವುದು ಗಂಡೂಷ. ಸ್ವಲ್ಪ ಕಡಿಮೆ ಹಾಕಿಕೊಂಡು ಕೆನ್ನೆಯಿಂದ ಕೆನ್ನೆಗೆ ಆಡಿಸುವುದು ಕವಲ. ಈಗ ನಾವು ಆಯಿಲ್ ಪುಲ್ಲಿಂಗ್ ಅನ್ನುವುದು ಹೆಚ್ಚು ಕಡಿಮೆ ಕವಲವೇ. ಚರಕ ಸಂಹಿತೆಯ ಸೂತ್ರಸ್ಥಾನದ 5ನೇ ಅಧ್ಯಾಯ ದಿನಚರಿಯ ವಿಷಯ ಹೇಳುವಾಗ ಎಣ್ಣೆಯ ಗಂಡೂಷದ ಮಾತೂ ಬರುತ್ತದೆ. ದವಡೆಗೆ ಬಲ, ದನಿಗೆ ಬಲ, ಊಟದ ರುಚಿ ಹೆಚ್ಚುತ್ತದೆ, ಗಂಟಲು ಒಣಗುವುದಿಲ್ಲ, ತುಟಿ ಒಡೆಯುವುದಿಲ್ಲ, ಹಲ್ಲು ಗಟ್ಟಿಯಾಗಿ ನಿಲ್ಲುತ್ತದೆ ಎನ್ನುತ್ತದೆ.

ಗಮನಿಸಿ, ಹೇಳಿರುವುದೆಲ್ಲ ಬಾಯಿ, ಗಂಟಲು, ಮುಖದ ಸುತ್ತಮುತ್ತಲಿನ ವಿಷಯ. ಸಕ್ಕರೆ ಕಾಯಿಲೆ, ಆಸ್ತಮಾ, ಮಂಡಿನೋವು ಎಲ್ಲ ವಾಸಿಯಾಗುತ್ತದೆ ಅನ್ನುವ ದೊಡ್ಡ ಪಟ್ಟಿ ಹರಡಿದ್ದು 1990ರ ದಶಕದಲ್ಲಿ, ಕರಾಚ್ ಎಂಬ ವೈದ್ಯರ ಹೆಸರಿನಲ್ಲಿ. ಅವರ ಮಾತಿನಲ್ಲಿ ಇದ್ದದ್ದು ಸೂರ್ಯಕಾಂತಿ ಎಣ್ಣೆ. ಫೋನಿನಲ್ಲಿ ಬರುವ ಫಾರ್ವರ್ಡ್‌ಗಳು ಈ ಎರಡನ್ನೂ ಕಲಸಿ "ಋಷಿಗಳು ಹೇಳಿದ್ದು" ಅಂತ ಬಡಿಸುತ್ತವೆ. ಹಾಗಾಗಿ ಇಲ್ಲಿ ಬಾಯಿಯ ಆರೋಗ್ಯದ ಮಾತು ಬಿಟ್ಟು ಬೇರೆ ಏನೂ ಇಲ್ಲ.

ಬಿಳಿ ನೊರೆಯ ಕಥೆ

ಎಣ್ಣೆ ಬಾಯಿಗೆ ಹಾಕಿ ಹತ್ತು ನಿಮಿಷ ಆಡಿಸಿದರೆ ತೆಳ್ಳಗಾಗುತ್ತದೆ, ಹಾಲಿನ ಹಾಗೆ ಬೆಳ್ಳಗಾಗುತ್ತದೆ. "ನೋಡು, ಮೈಯಲ್ಲಿನ ವಿಷವೆಲ್ಲ ಬಂತು" ಅಂತ ಅತ್ತೆ ಒಬ್ಬರು ನನಗೆ ತೋರಿಸಿದ್ದರು. ಪಾಪ, ಅದು ವಿಷ ಅಲ್ಲ. ಎಣ್ಣೆ ಮತ್ತು ಜೊಲ್ಲು ಕಡೆದಾಗ ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ಆ ಹನಿಗಳು ಬೆಳಕನ್ನು ಚದುರಿಸುತ್ತವೆ, ಅದಕ್ಕೇ ಬಿಳಿ. ಎಣ್ಣೆ ಮತ್ತು ನೀರನ್ನು ಒಂದು ಬಾಟಲಿಯಲ್ಲಿ ಹಾಕಿ ಜೋರಾಗಿ ಕುಲುಕಿ ನೋಡಿ, ಅದೂ ಬಿಳಿಯಾಗುತ್ತದೆ. ಬಾಟಲಿಗೆ ಯಾವ ಕಾಯಿಲೆಯೂ ಇಲ್ಲವಲ್ಲ!

ಹಾಗಾದರೆ ಎಣ್ಣೆ ಮಾಡುವುದೇನು? ಇಪ್ಪತ್ತು ನಿಮಿಷ ಬಾಯಲ್ಲಿ ಏನನ್ನೇ ಆಡಿಸಿದರೂ ಸಡಿಲವಾಗಿ ಕೂತ ಕೊಳೆ ಸ್ವಲ್ಪ ತೊಳೆದು ಹೋಗುತ್ತದೆ. ಅದರ ಮೇಲೆ, ಎಣ್ಣೆ ಹಲ್ಲು ಮತ್ತು ವಸಡಿನ ಮೇಲೆ ತೆಳು ಪೊರೆ ಬಿಡುವುದರಿಂದ ಬ್ಯಾಕ್ಟೀರಿಯಾ ಅಂಟುವುದು ಕಡಿಮೆಯಾಗಬಹುದು ಅನ್ನುವುದು ಒಂದು ವಿವರಣೆ. ಜೊಲ್ಲಿನ ಕ್ಷಾರ ಎಣ್ಣೆಯ ಜೊತೆ ಸೇರಿ ಸೋಪಿನಂಥದ್ದು ಆಗುತ್ತದೆ ಅನ್ನುವುದು ಇನ್ನೊಂದು. ಎರಡನೆಯದು ನನಗೆ ಅಷ್ಟು ನಂಬಿಕೆ ಹುಟ್ಟಿಸುವುದಿಲ್ಲ. ಸೋಪು ತಯಾರಾಗಲು ಬೇಕಾಗುವ ಕ್ಷಾರದ ತೀಕ್ಷ್ಣತೆ ಜೊಲ್ಲಿನಲ್ಲಿ ಎಲ್ಲಿದೆ?

ಆಧಾರ ಎಷ್ಟು ಗಟ್ಟಿ?

ಪರೀಕ್ಷೆಗಳು ನಡೆದಿವೆ, ಅದರಲ್ಲಿ ಹಲವು ನಮ್ಮ ದೇಶದಲ್ಲೇ. 2009ರಲ್ಲಿ ಪ್ರಕಟವಾದ ಒಂದರಲ್ಲಿ ವಸಡು ಊದಿಕೊಂಡಿದ್ದ 20 ಹುಡುಗರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಎಳ್ಳೆಣ್ಣೆ, ಇನ್ನೊಂದಕ್ಕೆ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್. ಎರಡೂ ಗುಂಪಿನಲ್ಲಿ ಪ್ಲಾಕ್ (ಹಲ್ಲಿಗೆ ಅಂಟುವ ಬ್ಯಾಕ್ಟೀರಿಯಾದ ಪದರ) ಮತ್ತು ವಸಡಿನ ಊತ ಇಳಿಯಿತು. 2015ರಲ್ಲಿ ಕೇರಳದಲ್ಲಿ 60 ಮಂದಿ ಹದಿಹರೆಯದವರಿಗೆ 30 ದಿನ ಕೊಬ್ಬರಿ ಎಣ್ಣೆ ಕೊಟ್ಟು ನೋಡಿದರು. ಏಳನೇ ದಿನದಿಂದಲೇ ಇಳಿಕೆ ಕಾಣಿಸಿತು. ಆದರೆ ಅದರಲ್ಲಿ ಹೋಲಿಸಿ ನೋಡಲು ಎಣ್ಣೆ ಹಾಕದ ಗುಂಪೇ ಇರಲಿಲ್ಲ. ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ ಅಂತ ಗೊತ್ತಾದರೆ ಮಕ್ಕಳು ಬ್ರಷ್ಷನ್ನೂ ಚೆನ್ನಾಗಿ ಮಾಡುತ್ತಾರೆ, ಅಲ್ವಾ?

2022ರಲ್ಲಿ ಇಂಥ 9 ಪರೀಕ್ಷೆಗಳನ್ನು ಒಟ್ಟಿಗೆ ಹಾಕಿ ಲೆಕ್ಕ ಮಾಡಿದಾಗ ಜೊಲ್ಲಿನಲ್ಲಿರುವ ಬ್ಯಾಕ್ಟೀರಿಯಾ ಕಡಿಮೆಯಾದದ್ದು ಕಂಡಿತು. ಪ್ಲಾಕ್ ಮತ್ತು ವಸಡಿನ ಅಂಕಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ದಂತವೈದ್ಯರ ಸಂಘ ಅಂತೂ ಆಧಾರ ಸಾಲದು ಅಂತ ಇದನ್ನು ಶಿಫಾರಸು ಮಾಡುವುದಿಲ್ಲ. ನಾನು ಇದರಿಂದ ತೆಗೆದುಕೊಂಡದ್ದು ಇಷ್ಟು: ಎಣ್ಣೆ ವಸಡಿಗೆ ಸಣ್ಣ ಸಹಾಯ ಮಾಡಬಹುದು, ವಾಸನೆಗೂ ಸ್ವಲ್ಪ. ಹುಳುಕು ತಡೆಯುತ್ತದೆ ಅನ್ನಲು ಆಧಾರ ತೆಳು. ಹಲ್ಲು ಬೆಳ್ಳಗಾಗುತ್ತದೆ ಅನ್ನುವುದಂತೂ ಸುಮ್ನೆ ಮಾತು.

ಎಳ್ಳೆಣ್ಣೆ

ಕೆಲವು ಕಡೆ ಇದನ್ನು ಒಳ್ಳೆಣ್ಣೆ ಅಂತಲೇ ಕರೆಯುತ್ತಾರೆ. ಶಾಸ್ತ್ರದ ಪ್ರಕಾರ ಮಾಡಬೇಕು ಅನ್ನುವವರಿಗೆ ಇದೇ ಮೊದಲ ಆಯ್ಕೆ, ಯಾಕೆಂದರೆ ಸಂಸ್ಕೃತದ ತೈಲ ಅನ್ನುವ ಮಾತೇ ತಿಲದಿಂದ ಬಂದದ್ದು. ಪರೀಕ್ಷೆಗಳಲ್ಲೂ ಎಳ್ಳೆಣ್ಣೆ ಮತ್ತು ಕೊಬ್ಬರಿ ಎಣ್ಣೆಯೇ ಮುಂದೆ. ಬೇಗ ಕೆಡುವುದಿಲ್ಲ. ಎಷ್ಟೇ ಚಳಿ ಇದ್ದರೂ ದ್ರವವಾಗಿಯೇ ಇರುತ್ತದೆ, ಡಿಸೆಂಬರ್‌ನಲ್ಲೂ ಬಾಟಲಿಯಿಂದ ಸೀದಾ ಚಮಚಕ್ಕೆ.

ತೊಂದರೆ ಎಂದರೆ ವಾಸನೆ ಮತ್ತು ರುಚಿ. ಗಾಣದ ಎಳ್ಳೆಣ್ಣೆಗೆ ಒಂದು ಗಾಢ ವಾಸನೆ ಇರುತ್ತದೆ, ನಾಲಿಗೆಯ ಹಿಂದೆ ಸ್ವಲ್ಪ ಕಹಿ ಉಳಿಯುತ್ತದೆ. ಅಮ್ಮನಿಗೆ ಅದೇ ಇಷ್ಟ. ನನಗೆ ಆಗಲಿಲ್ಲ. ಕೊಬ್ಬರಿ ಎಣ್ಣೆಗಿಂತ ಸ್ವಲ್ಪ ದಪ್ಪ ಅನಿಸುತ್ತದೆ, ಮೊದಲ ಐದು ನಿಮಿಷ ಭಾರ. ಎಳ್ಳು ಅಲರ್ಜಿ ಇರುವವರು ಇದರ ತಂಟೆಗೇ ಹೋಗಬಾರದು. ಎಳ್ಳುಂಡೆ ತಿಂದರೆ ಮೈ ಕೆರೆತ, ತುಟಿ ಊತ ಬರುವವರು ನೆನಪಿಟ್ಟುಕೊಳ್ಳಿ.

ಕೊಳ್ಳುವಾಗ ಎರಡು ಎಚ್ಚರ ಬೇಕು. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ದೀಪದ ಎಣ್ಣೆಯ ಬಾಟಲಿಯ ಮೇಲೆ ಎಳ್ಳಿನ ಚಿತ್ರ ಇರಬಹುದು. ಅದು ದೀಪಕ್ಕೆ ಮಾತ್ರ, ಬಾಯಿಗಲ್ಲ. ಲೇಬಲ್ಲಿನ ಸಣ್ಣ ಅಕ್ಷರ ಓದಿ, ತಿನ್ನಲು ಅಲ್ಲ ಅಂತ ಬರೆದಿರುತ್ತಾರೆ. ಎರಡನೆಯದು, ಹುಚ್ಚೆಳ್ಳೆಣ್ಣೆ ಬೇರೆ, ಎಳ್ಳೆಣ್ಣೆ ಬೇರೆ. ಹೆಸರಿನಲ್ಲಿ ಎಳ್ಳಿದೆ ಅಂತ ಗಾಣದವರ ಹತ್ತಿರ ಅದನ್ನೇ ತಂದವರನ್ನು ನೋಡಿದ್ದೇನೆ. ಅಡುಗೆಗೆ ಅದು ಚೆಂದ. ಆದರೆ ಮೇಲೆ ಹೇಳಿದ ಪರೀಕ್ಷೆ ಯಾವುದೂ ಅದರ ಮೇಲೆ ನಡೆದದ್ದಲ್ಲ.

ಕೊಬ್ಬರಿ ಎಣ್ಣೆ

ನಾನು ಒಲಿದದ್ದು ಇದಕ್ಕೆ, ರುಚಿಯ ಒಂದೇ ಕಾರಣಕ್ಕೆ. ಬಾಯಲ್ಲಿ ಹಗುರ, ಪರಿಮಳ ಪರಿಚಿತ, ಉಗುಳಿದ ಮೇಲೆ ಕಹಿ ಉಳಿಯುವುದಿಲ್ಲ. ವಾಕರಿಕೆ ಬರುವವರಿಗೆ, ಹೊಸದಾಗಿ ಶುರು ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಇದರ ಪರವಾಗಿ ಎಲ್ಲರೂ ಹೇಳುವ ಮಾತು ಲಾರಿಕ್ ಆಮ್ಲ. ಕೊಬ್ಬರಿ ಎಣ್ಣೆಯ ಕೊಬ್ಬಿನಲ್ಲಿ ಸುಮಾರು ಅರ್ಧದಷ್ಟು ಅದೇ. ಪ್ರಯೋಗಶಾಲೆಯಲ್ಲಿ ಲಾರಿಕ್ ಆಮ್ಲ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಆದರೆ ಎಣ್ಣೆಯಲ್ಲಿ ಅದು ಬಿಡಿಯಾಗಿ ಇರುವುದಿಲ್ಲ, ಕೊಬ್ಬಿನ ಅಣುವಿಗೆ ಕಟ್ಟಿಕೊಂಡಿರುತ್ತದೆ. ಹದಿನೈದು ನಿಮಿಷದಲ್ಲಿ ಬಾಯಲ್ಲಿ ಎಷ್ಟು ಬಿಡಿಸಿಕೊಳ್ಳುತ್ತದೆ ಅನ್ನುವುದೇ ಪ್ರಶ್ನೆ. ಹಾಗಾಗಿ ಲಾರಿಕ್ ಆಮ್ಲದ ಹೆಸರಿನಲ್ಲಿ ಎರಡು ಪಟ್ಟು ಬೆಲೆಯ ಬಾಟಲಿ ಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ.

ಸುಮಾರು 24 ಡಿಗ್ರಿಗಿಂತ ಕೆಳಗೆ ಇದು ಗಟ್ಟಿಯಾಗುತ್ತದೆ. ಮಂಗಳೂರಿನವರಿಗೆ ಇದು ತಲೆನೋವಲ್ಲ. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನವರಿಗೆ ಚಳಿಗಾಲದ ಬೆಳಿಗ್ಗೆ ಬಾಟಲಿಯಿಂದ ಹನಿಯೂ ಬೀಳುವುದಿಲ್ಲ. ಅಗಲ ಬಾಯಿಯ ಡಬ್ಬದಲ್ಲಿ ಇಟ್ಟುಕೊಂಡು ಚಮಚದಲ್ಲಿ ಕೆರೆದು ಬಾಯಿಗೆ ಹಾಕಿಕೊಳ್ಳಿ. ಸ್ವಲ್ಪ ಹೊತ್ತಿನಲ್ಲೇ ಕರಗುತ್ತದೆ. ಬೇಸಿನ್ನಿಗೆ ಮಾತ್ರ ಉಗುಳಬೇಡಿ. ತಣ್ಣಗಾದ ಪೈಪಿನಲ್ಲಿ ಅದು ಮತ್ತೆ ಹೆಪ್ಪುಗಟ್ಟುತ್ತದೆ, ಪ್ಲಂಬರ್ ಖರ್ಚು ಎಣ್ಣೆಯ ಖರ್ಚಿಗಿಂತ ಜಾಸ್ತಿಯಾಗುತ್ತದೆ. ಹಳೆಯ ಕಾಗದಕ್ಕೋ ಕಸದ ಡಬ್ಬಿಗೋ ಉಗುಳಿ. ಈ ಮಾತು ಎಲ್ಲ ಎಣ್ಣೆಗೂ ಸೇರಿತು.

ತಲೆಗೆ ಹಚ್ಚುವ ಬಾಟಲಿಯನ್ನೇ ಬಾಯಿಗೂ ಬಳಸಬಹುದಾ? ಇದೇ ಗೊಂದಲ, ತೆರಿಗೆಯ ರೂಪದಲ್ಲಿ, ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಸಣ್ಣ ಬಾಟಲಿಯಲ್ಲಿ ಮಾರುವ ಶುದ್ಧ ಕೊಬ್ಬರಿ ಎಣ್ಣೆಯನ್ನೂ ಖಾದ್ಯ ಎಣ್ಣೆ ಅಂತ ಪರಿಗಣಿಸಬಹುದು ಎಂದು 2024ರ ಡಿಸೆಂಬರ್‌ನಲ್ಲಿ ಕೋರ್ಟ್ ಹೇಳಿತು. ನಿಮಗೆ ಬೇಕಾದ ಗುರುತು ಸುಲಭ: ಬಾಟಲಿಯ ಮೇಲೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಪರವಾನಗಿ ಸಂಖ್ಯೆ ಇರಲಿ. ಮಲ್ಲಿಗೆ, ಬಾದಾಮಿ ಅಂತ ಪರಿಮಳ ಬೆರೆಸಿದ ತಲೆ ಎಣ್ಣೆ ಬೇಡವೇ ಬೇಡ.

ಉಳಿದ ಎಣ್ಣೆಗಳು

ಸೂರ್ಯಕಾಂತಿ ಎಣ್ಣೆ: ಅಗ್ಗ, ಅಡುಗೆಮನೆಯಲ್ಲೇ ಇರುತ್ತದೆ, ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಅಭ್ಯಾಸ ಹಿಡಿಯುತ್ತದೋ ಇಲ್ಲವೋ ಅಂತ ಒಂದು ವಾರ ನೋಡಲು ಧಾರಾಳ ಸಾಕು.

ಅರಿಮೇದಾದಿ ತೈಲದಂಥ ಔಷಧಿ ಎಣ್ಣೆಗಳು ಆಯುರ್ವೇದ ಅಂಗಡಿಯಲ್ಲಿ ಸಿಗುತ್ತವೆ. ಎಳ್ಳೆಣ್ಣೆಯಲ್ಲಿ ಜಾಲಿ ಜಾತಿಯ ಮರದ ತೊಗಟೆ ಮತ್ತು ಬೇರೆ ಮೂಲಿಕೆ ಹಾಕಿ ಕಾಯಿಸಿದ್ದು. ಒಗರು ಜಾಸ್ತಿ, ಬೆಲೆ ಸಾದಾ ಎಣ್ಣೆಗಿಂತ ಎಷ್ಟೋ ಪಟ್ಟು, ಬಾಟಲಿಯೂ ಚಿಕ್ಕದು. ದಿನಾ ಒಂದು ದೊಡ್ಡ ಚಮಚ ಹಾಕಿದರೆ ಒಂದು ವಾರದಲ್ಲಿ ಬಾಟಲಿ ಖಾಲಿ. ವೈದ್ಯರು ನಿಮ್ಮ ವಸಡು ನೋಡಿ ಇಷ್ಟು ದಿನ ಅಂತ ಬರೆದುಕೊಟ್ಟರೆ ತೆಗೆದುಕೊಳ್ಳಿ. ನಿತ್ಯದ ಅಭ್ಯಾಸಕ್ಕೆ ಇದು ಹೊರೆ.

ಇನ್ನು ಎಣ್ಣೆಗೆ ಲವಂಗದ ಎಣ್ಣೆ ಬೆರೆಸುವವರಿದ್ದಾರೆ. ಹಲ್ಲುನೋವಿಗೆ ಹತ್ತಿಯಲ್ಲಿ ಒಂದು ಹನಿ ಇಡುವುದೇ ಬೇರೆ, ಬಾಯೆಲ್ಲ ಆಡಿಸುವುದೇ ಬೇರೆ. ಕೆನ್ನೆಯ ಒಳಗೆ ಸುಟ್ಟ ಹಾಗೆ ಆಗುತ್ತದೆ.

ಉಪ್ಪುನೀರು

ಅಪ್ಪನ ಪಕ್ಷ. ಒಂದು ಲೋಟ ಉಗುರುಬೆಚ್ಚಗಿನ ನೀರು, ಅರ್ಧ ಟೀ ಚಮಚ ಉಪ್ಪು, ಅರ್ಧ ನಿಮಿಷ ಮುಕ್ಕಳಿಸಿ ಉಗುಳಿ, ಲೋಟ ಖಾಲಿಯಾಗುವ ತನಕ. ಖರ್ಚು ಇಲ್ಲವೆಂದೇ ಲೆಕ್ಕ. ಸಮಯ ಒಂದೆರಡು ನಿಮಿಷ. ವಸಡು ಕೆರಳಿದಾಗ, ಬಾಯಿಹುಣ್ಣು ಆದಾಗ, ಗಂಟಲು ಕೆರೆಯುವಾಗ ಹಿತ ಕೊಡುತ್ತದೆ. ಹಲ್ಲು ಕಿತ್ತ ಮೇಲೆ ದಂತವೈದ್ಯರು ಹೇಳುವುದೂ ಇದನ್ನೇ. ಆದರೆ ಮೊದಲ 24 ಗಂಟೆ ಏನನ್ನೂ ಮುಕ್ಕಳಿಸಬಾರದು. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತು ಬಂದರೆ ನೋವು ಹಲವು ದಿನ ಕಾಡುತ್ತದೆ.

ಹುಳುಕಿಗೆ ಇದೇನೂ ಮಾಡುವುದಿಲ್ಲ. ಒಣ ಬಾಯಿಯವರಿಗೆ ಅಷ್ಟು ಹೊಂದುವುದೂ ಇಲ್ಲ. ಇದು ಔಷಧಿ ಅಂತ ಉಪ್ಪು ಜಾಸ್ತಿ ಸುರಿದರೆ ಬಾಯಿ ಇನ್ನೂ ಒಣಗುತ್ತದೆ.

ಮೆಡಿಕಲ್ ಸ್ಟೋರ್‌ನ ಬಾಟಲಿಗಳು

ಇಲ್ಲಿ ಎರಡು ಜಾತಿ. ಹೆಚ್ಚಿನವರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಒಂದು ಕ್ಲೋರ್‌ಹೆಕ್ಸಿಡಿನ್, ನಮ್ಮಲ್ಲಿ ಸಾಮಾನ್ಯವಾಗಿ 0.2 ಪರ್ಸೆಂಟ್. ಪ್ಲಾಕ್ ತಗ್ಗಿಸುವುದರಲ್ಲಿ ಇದು ಎಣ್ಣೆಗಿಂತ ಮುಂದೆ. ಆದರೆ ಇದು ಅಲ್ಪಕಾಲದ ಔಷಧಿ. ವಸಡಿನ ಚಿಕಿತ್ಸೆ ಆದಾಗ, ಬ್ರಷ್ ಹಾಕಲಾಗದ ಸ್ಥಿತಿಯಲ್ಲಿ, ಸುಮಾರು ಎರಡು ವಾರ. ಹಾಗೇ ಮುಂದುವರಿಸಿದರೆ ಹಲ್ಲಿನ ಮೇಲೆ ಕಂದು ಕಲೆ ಕೂರುತ್ತದೆ, ಊಟದ ರುಚಿ ಗೊತ್ತಾಗುವುದಿಲ್ಲ, ಟಾರ್ಟರ್ (ಹಲ್ಲಿನ ಮೇಲೆ ಕಲ್ಲಿನ ಹಾಗೆ ಗಟ್ಟಿಯಾದ ಪ್ಲಾಕ್) ಬೇಗ ಕಟ್ಟುತ್ತದೆ. ಅಪ್ಪ ಉಪ್ಪುನೀರಿನ ಪಕ್ಷಕ್ಕೆ ಸೇರಿದ್ದೇ ಇದರಿಂದ. ಅಂಗಡಿಯವರೊಬ್ಬರು ಹೇಳಿದರು ಅಂತ ಮೂರು ತಿಂಗಳು ಬಿಡದೆ ಬಳಸಿದರು. ಕಾಫಿ ಬಿಟ್ಟವರ ಹಲ್ಲು ಕಾಫಿ ಬಣ್ಣಕ್ಕೆ ತಿರುಗಿತು. ಕೊನೆಗೆ ಕ್ಲೀನಿಂಗ್ ಮಾಡಿಸಿದ ಮೇಲೆ ಹೋಯಿತು. ಇನ್ನೊಂದು ಸೂಕ್ಷ್ಮ: ಪೇಸ್ಟಿನ ನೊರೆ ತರಿಸುವ ಅಂಶ ಇದರ ಕೆಲಸಕ್ಕೆ ಅಡ್ಡ ಬರುತ್ತದೆ. ಬ್ರಷ್ ಮಾಡಿ ಅರ್ಧ ಗಂಟೆ ಬಿಟ್ಟು ಬಳಸಬೇಕು.

ಇನ್ನೊಂದು ಫ್ಲೋರೈಡ್ ಮೌತ್‌ವಾಶ್. ದಿನಾ ಬಳಸುವ ಬಗೆಯಲ್ಲಿ ಸಾಮಾನ್ಯವಾಗಿ 0.05 ಪರ್ಸೆಂಟ್ ಸೋಡಿಯಂ ಫ್ಲೋರೈಡ್ ಇರುತ್ತದೆ. ಹುಳುಕು ತಡೆಯುವ ವಿಷಯದಲ್ಲಿ ಈ ಇಡೀ ಪಟ್ಟಿಯಲ್ಲಿ ಗಟ್ಟಿ ಆಧಾರ ಇರುವುದು ಇದಕ್ಕೆ ಮಾತ್ರ. ಪದೇ ಪದೇ ಹುಳುಕು ಬರುವವರು, ಹಲ್ಲಿಗೆ ತಂತಿ ಹಾಕಿಸಿಕೊಂಡವರು ಎಣ್ಣೆ ಯಾವುದು ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಇದನ್ನು ನೋಡಿ. ಆರು ವರ್ಷದೊಳಗಿನ ಮಕ್ಕಳಿಗೆ ಬೇಡ, ನುಂಗಿಬಿಡುತ್ತಾರೆ. ಒಣ ಬಾಯಿಯವರು ಆಲ್ಕೋಹಾಲ್ ಇಲ್ಲದ್ದನ್ನೇ ಆರಿಸಿ.

ಹೊತ್ತು ಮತ್ತು ದುಡ್ಡು

ಎಣ್ಣೆ ಒಂದು ಸಲಕ್ಕೆ ಸುಮಾರು 10 ಮಿಲಿಲೀಟರ್. ತಿಂಗಳಿಗೆ 300. ಅಂದರೆ ಒಬ್ಬರಿಗೆ ಒಂದು ಲೀಟರ್ ಮೂರು ತಿಂಗಳ ಮೇಲೆ ಬರುತ್ತದೆ. ನಿಮ್ಮ ಊರಿನಲ್ಲಿ ಲೀಟರಿಗೆ ಎಷ್ಟಿದೆಯೋ ಅದನ್ನು ಮೂರರಿಂದ ಭಾಗಿಸಿ, ಹೆಚ್ಚುಕಡಿಮೆ ಅದೇ ತಿಂಗಳ ಖರ್ಚು. ಮರದ ಗಾಣದ್ದೇ ಬೇಕಾ? ಪರಿಮಳ ಚೆನ್ನಾಗಿರುತ್ತದೆ, ಕಣ್ಣೆದುರು ಹಿಂಡಿಸಿದ ತೃಪ್ತಿ ಇರುತ್ತದೆ. ಬಾಯಿಗೆ ಅದರಿಂದ ಹೆಚ್ಚು ಲಾಭ ಅಂತ ತೋರಿಸಿದ್ದನ್ನು ನಾನು ನೋಡಿಲ್ಲ. ಕೈ ಬಿಗಿ ಇರುವವರು ಸಾದಾ ಖಾದ್ಯ ಎಣ್ಣೆಯನ್ನೇ ಬಳಸಿ, ಮಿಕ್ಕ ದುಡ್ಡಿಗೆ ಒಳ್ಳೆಯ ಬ್ರಷ್ ತೆಗೆದುಕೊಳ್ಳಿ.

ನಿಜವಾದ ಬೆಲೆ ಹೊತ್ತಿನದು. ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ 10ರಿಂದ 20 ನಿಮಿಷ ಆಡಿಸುತ್ತಾರೆ. ಬೆಳಿಗ್ಗೆ ಮಕ್ಕಳ ಡಬ್ಬಿ ಕಟ್ಟುವ ಮನೆಯಲ್ಲಿ ಇಪ್ಪತ್ತು ನಿಮಿಷ ಮಾತಾಡದೆ ಇರುವುದು ಸಾಧ್ಯವಾ? ಅಮ್ಮ ಆ ಹೊತ್ತಿನಲ್ಲಿ ಗಿಡಕ್ಕೆ ನೀರು ಹಾಕುತ್ತಾರೆ. ನಾನು ಪಾತ್ರೆ ಜೋಡಿಸುತ್ತೇನೆ. ಇಂಥ ಒಂದು ಮೂಕ ಕೆಲಸ ನಿಮಗೆ ಸಿಗದಿದ್ದರೆ ಎಣ್ಣೆ ಬಿಡಿ. ಆ ಹೊತ್ತಿನ ಕಾಲುಭಾಗವನ್ನು ರಾತ್ರಿ ಹಲ್ಲಿನ ಸಂದು ಕ್ಲೀನ್ ಮಾಡಲು ಫ್ಲಾಸ್ ದಾರಕ್ಕೋ, ಸಣ್ಣ ಸಂದಿನ ಬ್ರಷ್‌ಗೋ ಕೊಟ್ಟರೆ ವಸಡಿಗೆ ಆಗುವ ಲಾಭ ಕಡಿಮೆಯೇನಲ್ಲ.

ಹಾಗಾದರೆ ನೀವು ಯಾವುದನ್ನು ಹಿಡಿಯಬೇಕು?

ವಸಡಿನಲ್ಲಿ ಬ್ರಷ್ ಮಾಡುವಾಗ ಆಗಾಗ ಸ್ವಲ್ಪ ರಕ್ತ, ಬೇರೆ ತೊಂದರೆ ಇಲ್ಲ, ಬೆಳಿಗ್ಗೆ ಹೊತ್ತು ಇದೆ: ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ, ರುಚಿ ಯಾವುದು ಹಿಡಿಸುತ್ತದೋ ಅದು. ಹೊತ್ತು ಇಲ್ಲ ಅಂದರೆ ಉಪ್ಪುನೀರು ಮತ್ತು ಫ್ಲಾಸ್.

ಬಾಯಿ ವಾಸನೆ ಇರುವವರು ಮೊದಲು ನಾಲಿಗೆ ನೋಡಿಕೊಳ್ಳಿ. ಹೆಚ್ಚಿನ ವಾಸನೆ ಹುಟ್ಟುವುದು ನಾಲಿಗೆಯ ಹಿಂಭಾಗದ ಬಿಳಿ ಪದರದಲ್ಲಿ, ಅಲ್ಲಿನ ಬ್ಯಾಕ್ಟೀರಿಯಾ ಬಿಡುವ ಗಂಧಕದ ಅನಿಲಗಳಿಂದ. ಟಂಗ್ ಕ್ಲೀನರ್ ಒಂದು ಸಲ ಕೊಂಡರೆ ವರ್ಷಗಟ್ಟಲೆ ಬರುತ್ತದೆ. ದಿನಾ ಅರ್ಧ ನಿಮಿಷದ ಕೆಲಸ. ಎರಡು ವಾರ ಹಾಗೆ ಮಾಡಿಯೂ ವಾಸನೆ ಉಳಿದರೆ ಆಮೇಲೆ ಎಣ್ಣೆಯ ಮಾತು.

ವಯಸ್ಸಿನಿಂದಲೋ ಬಿಪಿ, ಮನಸ್ಸಿನ ಕಾಯಿಲೆಯ ಮಾತ್ರೆಗಳಿಂದಲೋ ಬಾಯಿ ಒಣಗುವವರಿಗೆ ಎಣ್ಣೆ ನಿಜಕ್ಕೂ ಹಿತವಾಗಿರುತ್ತದೆ. ಇಲ್ಲಿ ನನ್ನ ಮತ ಎಳ್ಳೆಣ್ಣೆಗೆ, ಅದರ ಜಿಡ್ಡು ಹೆಚ್ಚು ಹೊತ್ತು ಉಳಿದ ಹಾಗೆ ಅನಿಸುತ್ತದೆ. ಗಂಟಲು ಒಣಗುವುದಿಲ್ಲ, ತುಟಿ ಒಡೆಯುವುದಿಲ್ಲ ಅಂದ ಚರಕರ ಮಾತು ಅಮ್ಮನ ಮಟ್ಟಿಗೆ ಸುಳ್ಳಾಗಿಲ್ಲ. ಆದರೆ ಜೊಲ್ಲು ಕಡಿಮೆಯಾದ ಬಾಯಲ್ಲಿ ಹುಳುಕು ಬೇಗ ಹಿಡಿಯುತ್ತದೆ. ಆದ್ದರಿಂದ ಇಂಥವರು ಎಣ್ಣೆಯ ಜೊತೆ ಫ್ಲೋರೈಡ್ ಮೌತ್‌ವಾಶನ್ನೂ ಇಟ್ಟುಕೊಳ್ಳಲಿ. ಬೆಳಿಗ್ಗೆ ಎಣ್ಣೆ, ರಾತ್ರಿ ಅದು.

ಹಲ್ಲಿನಲ್ಲಿ ತೂತು ಇರುವವರಿಗೆ ಇಲ್ಲಿ ಆಯ್ಕೆಯೇ ಇಲ್ಲ. ತೂತನ್ನು ಯಾವ ಎಣ್ಣೆಯೂ ಮುಚ್ಚುವುದಿಲ್ಲ. ಗಟ್ಟಿಯಾಗಿ ಕಟ್ಟಿದ ಟಾರ್ಟರ್ ಕೂಡ ಮುಕ್ಕಳಿಸಿದರೆ ಹೋಗುವುದಲ್ಲ, ಅದನ್ನು ಉಪಕರಣದಿಂದಲೇ ತೆಗೆಸಬೇಕು.

ಎಣ್ಣೆ ಅಂತ ತೀರ್ಮಾನ ಮಾಡಿದವರಿಗೆ

ಮೊದಲ ವಾರ ಒಂದು ಟೀ ಚಮಚ, ಐದು ನಿಮಿಷ ಸಾಕು. ಆಮೇಲೆ ನಿಧಾನವಾಗಿ ಏರಿಸಿ. ಖಾಲಿ ಹೊಟ್ಟೆಯಲ್ಲಿ, ನೆಟ್ಟಗೆ ಕೂತು ಅಥವಾ ನಿಂತು. ಮೆಲ್ಲಗೆ ಆಡಿಸಿ, ಯುದ್ಧ ಬೇಡ. ದವಡೆ ನೋವು ಬಂದರೆ ನಿಮ್ಮ ಬಿರುಸು ಜಾಸ್ತಿ ಎಂದರ್ಥ. ಗಂಟಲಿನಲ್ಲಿ ಗಳಗಳ ಮಾಡಬೇಡಿ, ನುಂಗಬೇಡಿ. ಉಗುಳಿ, ಬೆಚ್ಚಗಿನ ನೀರಿನಲ್ಲಿ ಬಾಯಿ ತೊಳೆದು, ಆಮೇಲೆ ಬ್ರಷ್ ಮಾಡಿ.

ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಒಂದು ಬಗೆಯ ನ್ಯುಮೋನಿಯಾ ಬರುತ್ತದೆ. ಎಳ್ಳೆಣ್ಣೆ ಮುಕ್ಕಳಿಸಿಯೇ ಹಾಗಾದ ರೋಗಿಗಳ ವಿವರ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಅಪರೂಪ, ಆದರೆ ಸುಮ್ನೆ ಹೆದರಿಸುವ ಮಾತಲ್ಲ. ಪಾರ್ಶ್ವವಾಯು ಆದವರು, ನುಂಗಲು ಕಷ್ಟಪಡುವವರು, ಹಾಸಿಗೆ ಹಿಡಿದ ಹಿರಿಯರು, ಚಿಕ್ಕ ಮಕ್ಕಳು ಇದನ್ನು ಮಾಡಬಾರದು. ನೆಗಡಿ, ಕೆಮ್ಮು, ಮೂಗು ಕಟ್ಟಿದ ದಿನ ಉಳಿದವರೂ ರಜೆ ತೆಗೆದುಕೊಳ್ಳಿ. ಕಟ್ಟಿಸಿಕೊಂಡ ಹಲ್ಲಿನ ಸೆಟ್ ಇದ್ದರೆ ತೆಗೆದಿಟ್ಟು ಮಾಡಿ.

ಒಂದು ತಿಂಗಳು ನೋಡಿ. ಅಳೆಯಲು ದೊಡ್ಡ ಉಪಕರಣ ಬೇಕಾಗಿಲ್ಲ. ಶುರು ಮಾಡುವ ದಿನ, ಬ್ರಷ್ ಮಾಡಿ ಉಗುಳಿದ್ದರಲ್ಲಿ ರಕ್ತ ಇತ್ತಾ ಅಂತ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ವಾರಕ್ಕೊಮ್ಮೆ ಹಾಗೇ ಮಾಡಿ. ತಿಂಗಳ ಕೊನೆಗೂ ರಕ್ತ ನಿಂತಿಲ್ಲ ಅಂದರೆ ಎಣ್ಣೆ ಬದಲಾಯಿಸುವುದರಿಂದ ಪ್ರಯೋಜನವಿಲ್ಲ, ವಸಡಿನ ಕೆಳಗೆ ಟಾರ್ಟರ್ ಇರಬಹುದು, ಕ್ಲೀನಿಂಗ್‌ಗೆ ಹೋಗಿ. ಹಲ್ಲು ಅಲ್ಲಾಡುವುದು, ಮುಖ ಊದುವುದು, ರಾತ್ರಿ ನಿದ್ದೆಗೆಡಿಸುವ ನೋವು ಇದ್ದರೆ ತಿಂಗಳು ಕಾಯುವುದೇ ಬೇಡ. ಎಲೆ ಅಡಿಕೆ, ತಂಬಾಕು, ಗುಟ್ಕಾ ಅಭ್ಯಾಸ ಇರುವವರ ಬಾಯಲ್ಲಿ ಬಿಳಿಯದೋ ಕೆಂಪಿನದೋ ಮಚ್ಚೆ ಕಂಡರೆ, ಎರಡು ವಾರಕ್ಕೂ ಮಾಯದ ಹುಣ್ಣು ಇದ್ದರೆ, ಎಣ್ಣೆ ಬಾಟಲಿ ಮುಚ್ಚಿಟ್ಟು ಅದೇ ವಾರ ವೈದ್ಯರಿಗೆ ಬಾಯಿ ತೋರಿಸಿ.